ಬೂಟಿನ ಮೂತಿ ಸವೆದವನು

ಮಟೋಪೆನಿ ಓಣಿಯ ಮುಸುಂಬನಿಗೆ ಒಂದು ವಿದ್ಯೆ ಬರುತ್ತಿತ್ತು. ಯಾರ ಬೂಟನ್ನಾದರೂ ಕೈಗೆ ಕೊಡಿ, ತಿರುಗಿಸಿ ಮುರುಗಿಸಿ ನೋಡಿ, ಅಟ್ಟೆಯ ಹತ್ತಿರ ಮೂಗು ತಂದು, ಅದರ ಒಡೆಯ ಹೊಟ್ಟೆಪಾಡಿಗೆ ಏನು ಮಾಡುತ್ತಾನೆ ಅಂತ ಹೇಳಿಬಿಡುತ್ತಿದ್ದ. ಹೇಳಿದ್ದು ನಿಜವಾಗುತ್ತಿತ್ತೇ ಅನ್ನುವುದು ಬೇರೆ ಮಾತು. ಬಸ್ಸಿನ ಕಂಡಕ್ಟರನನ್ನು ಹೆಣದ ಪೆಟ್ಟಿಗೆ ಮಾಡುವವನು ಅಂದಿದ್ದ. ಶಾಲೆಯ ಮೇಡಮ್ಮನ್ನು ಕುಸ್ತಿ ಆಡುವವಳು ಅಂದು ಬೈಸಿಕೊಂಡಿದ್ದ. ಆದರೆ ಒಂದು ಸಲ ಒಬ್ಬನ ಬೂಟು ಕಣ್ಣಿಗೆ ಬಿದ್ದದ್ದೇ ತಡ, 'ಇವನು ಕಳ್ಳ' ಅಂದ. ಓಣಿಯೇ ಬೆರಗಾಗುವಂತೆ ಅದು ಸತ್ಯವಾಯಿತು. ಆ ಬೂಟು ಮುಸುಂಬನ ಹತ್ತಿರದಿಂದಲೇ ಕಳುವಾದದ್ದಾಗಿತ್ತು. ಜನ ಈ ಕೊನೆಯ ವಿವರವನ್ನು ಮರೆತರು, ವಿದ್ಯೆಯನ್ನು ನೆನಪಿಟ್ಟುಕೊಂಡರು. ಅಂದಿನಿಂದ ಅವನು ಬರೀ ಚಪ್ಪಲಿ ಹೊಲಿಯುವವನಾಗಿ ಉಳಿಯಲಿಲ್ಲ. ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಶುರುವಾಯಿತು.

ಮಟೋಪೆನಿ ಅಂದರೆ ನೈರೋಬಿಯಲ್ಲಿ ಹೊಳೆಗೂ ಹೆದ್ದಾರಿಗೂ ನಡುವೆ ಸಿಕ್ಕಿಹಾಕಿಕೊಂಡ ಓಣಿ. ಎರಡು ಕಡೆ ತಗಡಿನ ಕೋಣೆಗಳು, ನಡುವೆ ಕೆಸರು. ಇಲ್ಲಿಗೆ ಕೊಳಾಯಿ ನೀರು ತರಲು ಪಟ್ಟಣದ ಕಚೇರಿಯವರಿಗೆ ಇವತ್ತಿಗೂ ದಾರಿ ಗೊತ್ತಾಗಿಲ್ಲ. ಬುಲ್ಡೋಜರ್ ತರುವಾಗ ಮಾತ್ರ ಕಣ್ಣು ಮುಚ್ಚಿಕೊಂಡು ಬಂದು ಮುಟ್ಟುತ್ತಾರೆ. ಅದಕ್ಕೂ ಒಂದು ಶಾಸ್ತ್ರವಿದೆ. ಮೊದಲು ಸರ್ವೇಯರ್ ಬಂದು ಮೂರು ಕಾಲಿನ ಯಂತ್ರದಲ್ಲಿ ಒಂದು ಕಣ್ಣು ಇಟ್ಟು ನೋಡುತ್ತಾನೆ. ಆಮೇಲೆ ಕೆಂಪು ಬಣ್ಣದ ಡಬ್ಬಿ ಬರುತ್ತದೆ, ಬಾಗಿಲ ಮೇಲೆ ಎರಡು ಗೆರೆ, ಕತ್ತರಿಯ ಹಾಗೆ ಒಂದರ ಮೇಲೊಂದು ಅಡ್ಡಡ್ಡ. ಆಮೇಲೆ ಹಳದಿ ಯಂತ್ರ. ಬಡವನಿಗೆ ಸರಕಾರ ಬರೆಯುವ ಕಾಗದ ಅದೊಂದೇ, ಅದನ್ನು ಓದಲು ಶಾಲೆಗೆ ಹೋಗಬೇಕಾಗಿಲ್ಲ.

ಮುಸುಂಬ ಆ ಕಾಗದವನ್ನು ಎರಡು ಸಲ ಓದಿದ್ದ, ಎರಡು ಬೇರೆ ಬೇರೆ ಓಣಿಗಳಲ್ಲಿ. ಎರಡನೇ ಸಲ ತಗಡನ್ನು ತಲೆ ಮೇಲೆ ಹೊತ್ತುಕೊಂಡು ಇಲ್ಲಿಗೆ ಬರುವಾಗ ಹೆಂಡತಿ ನಮಲ್ವ ದಾರಿಯಲ್ಲೇ ನಿಂತು ಹೇಳಿದ್ದಳು: "ಇನ್ನೊಂದು ಸಲ ಹೀಗಾಯ್ತೋ, ನಾನು ಪಾತ್ರೆ ಕಟ್ಕೊಂಡು ಕಕಮೇಗಾಕ್ಕೆ, ನಮ್ಮವ್ವನ ಮನೆಗೆ. ನೀನು ಯಾವ್ದಾದ್ರೂ ದೊಡ್ಡ ಬೂಟು ನೋಡಿ ಅದರೊಳಗೆ ಮಲಕ್ಕೋ." ನಮಲ್ವ ತಮಾಷೆಗೆ ಮಾತಾಡುವ ಹೆಂಗಸಲ್ಲ. ಅಂದಿನಿಂದ ಪಾತ್ರೆಗಳನ್ನು ಗೂಟಕ್ಕೆ ನೇತುಹಾಕದೆ ಬಾಗಿಲ ಪಕ್ಕದಲ್ಲೇ ಒಂದು ಬಟ್ಟೆಯ ಮೇಲೆ ಇಡುತ್ತಿದ್ದಳು, ನಾಲ್ಕು ಮೂಲೆ ಸೇರಿಸಿದರೆ ಗಂಟಾಗುವ ಹಾಗೆ. ಇಂಥ ಮನೆಯನ್ನು ಮುಸುಂಬ ಹೋದ ವರ್ಷ, ಅವಳು ಮಾರಲು ಮಂಡಾಜಿ ಬೋಂಡ ಕರಿಯುವ ಒಲೆಗೆ ಜಾಗ ಸಾಲದೆಂದು, ಒಂದು ಮೊಳ ದಾರಿಯ ಮೇಲಕ್ಕೆ ಚಾಚಿದ್ದ. ಆ ಒಂದು ಮೊಳ ಅವನ ಎದೆಯೊಳಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಕ್ರಿಸ್‌ಮಸ್ಸಿಗೆ ಸ್ವಲ್ಪ ಮುಂಚೆ ಓಣಿಗೊಬ್ಬ ಹೊಸಬ ಬಂದ.

ಓದುವವರಿಂದ ಮುಚ್ಚಿಡುವುದೇನು, ಅವರು ಫಾದರ್ ಕಿಸೋಯಿ. ಗುಡ್ಡದ ಮೇಲಿನ ಕಲ್ಲಿನ ಚರ್ಚಿನ ಕ್ಯಾಥೊಲಿಕ್ ಪಾದ್ರಿ. ಬಡತನದ ಹಿರಿಮೆಯ ಬಗ್ಗೆ ಎಷ್ಟು ಚೆನ್ನಾಗಿ ಪ್ರವಚನ ಮಾಡುತ್ತಿದ್ದರು ಅಂದರೆ, ಕೇಳಿದವರು ತಾವೂ ಬಡವರಾಗಿರಬೇಕಿತ್ತು ಅಂತ ಕಣ್ಣೊರೆಸಿಕೊಂಡು ಕಾರು ಹತ್ತುತ್ತಿದ್ದರು. ಒಂದು ಭಾನುವಾರ ಚರ್ಚು ಗುಡಿಸುವ ಮುದುಕಿ ಪೊರಕೆ ನಿಲ್ಲಿಸಿ, "ಫಾದರ್, ನೀವು ಯಾವತ್ತಾದ್ರೂ ಪಾಯಿಖಾನೆಗೆ ಸಾಲು ನಿಂತಿದ್ದೀರಾ?" ಅಂದಳು. ಆ ಮಾತು ಫಾದರ್ ಕಿಸೋಯಿಯವರ ನಿದ್ದೆ ಕೆಡಿಸಿತು. ಬಿಷಪ್ಪರ ಅಪ್ಪಣೆ ಪಡೆದು, ನಿಲುವಂಗಿ ಕಳಚಿಟ್ಟು, ಒಂದು ಚೀಲ ಹಿಡಿದು, ಈಸ್ಟರ್ ತನಕ ಬಡವರ ನಡುವೆ ಹೆಸರಿಲ್ಲದವರಾಗಿ ಬದುಕಲು ಹೊಳೆ ದಂಡೆಗಿಳಿದರು. ಸಾಲಿನಲ್ಲಿ ನಿಲ್ಲುವುದೇ ಅವರ ಮುಖ್ಯ ಆಸೆ.

ಓಣಿಗೆ ಇದೊಂದೂ ಗೊತ್ತಿರಲಿಲ್ಲ. ಅವರಿಗೆ ಕೋಣೆ ಕೊಟ್ಟವಳು ಅಡೋಯೊ ಅವ್ವ, ಅಡೋಯೊ ಎಂಬ ಹುಡುಗಿಯ ತಾಯಿ, ಮುಂಬಾಗಿಲಲ್ಲಿ ಒಣಮೀನು ಮಾರುವವಳು, ಹಿಂಬಾಗಿಲಲ್ಲಿ ಏನು ಮಾರುತ್ತಾಳೆಂದು ಕುಡಿದವರು ಹೇಳಬೇಕು. ಯಾರು ನೀವು, ಏನು ಕೆಲಸ ಅಂತ ಅವಳು ಕೇಳಿದಾಗ, ಸುಳ್ಳು ಹೇಳಬಾರದೆಂಬ ವ್ರತದ ಮನುಷ್ಯ, "ನಾನು ಕಿಸೋಯಿ. ಇಲ್ಲಿ ಸ್ವಲ್ಪ ದಿನ ಇದ್ದು ನೋಡೋಣ ಅಂತ ಬಂದೆ" ಅಂದರು. ಮಟೋಪೆನಿಯಲ್ಲಿ ಇದಕ್ಕಿಂತ ಅನುಮಾನದ ಮಾತು ಇನ್ನೊಂದಿಲ್ಲ. ಇದ್ದು ನೋಡೋಣ ಅಂತ ಇಲ್ಲಿಗೆ ಯಾರೂ ಬರುವುದಿಲ್ಲ. ಇನ್ನೆಲ್ಲೂ ಇರಲು ಬಿಡದಿದ್ದಾಗ ಬರುತ್ತಾರೆ.

ಅಡೋಯೊ ಅವ್ವ ಆ ದಿನವೇ ಅವರ ಬೂಟನ್ನು, ಹೊಲಿಗೆ ಬಿಟ್ಟಿದೆ ಎಂಬ ನೆಪದಲ್ಲಿ, ಹೊದ್ದ ಬಟ್ಟೆಯಲ್ಲಿ ಮುಚ್ಚಿಕೊಂಡು ಮುಸುಂಬನ ಮುಂದೆ ತಂದಿಟ್ಟಳು.

ಮುಸುಂಬ ಗಂಟಲು ಸರಿಮಾಡಿಕೊಂಡ. ಕಪ್ಪು ಬೂಟು. ಹಿಮ್ಮಡಿ ಹೊಸದರ ಹಾಗಿದೆ. ಮೂತಿ ಮಾತ್ರ ಉಜ್ಜಿ ಉಜ್ಜಿ ಬಿಳಿಚಿಕೊಂಡಿದೆ. ಬೆರಳು ಮಡಿಸುವ ಕಡೆ ಚರ್ಮ ಬಿರಿದು ನಿಂತಿದೆ. ಅವನು ಇಂಥ ಬೂಟನ್ನು ಜನ್ಮದಲ್ಲಿ ನೋಡಿರಲಿಲ್ಲ.

"ಈ ಮನುಷ್ಯ ನಡೆದು ಬದುಕೋನಲ್ಲ," ಅಂದ. "ಮೊಣಕಾಲೂರಿ ಬದುಕೋನು."

ಸುತ್ತ ಸೇರಿದ್ದವರು ಇನ್ನಷ್ಟು ಹತ್ತಿರ ಬಗ್ಗಿದರು.

"ಟೈಲ್ಸ್ ಹಾಕೋನಿರಬೇಕು," ಅಂದಳು ಅಡೋಯೊ ಅವ್ವ.

"ಅವನ ಕೈ ನೋಡಿದ್ಯಾ ಅಕ್ಕ?"

"ನೋಡ್ದೆ. ಉಬ್ಬಿದ ಹಿಟ್ಟಿನ ಹಾಗಿದೆ. ಬೆರಳಿಟ್ರೆ ಒಳಗೆ ಹೋಗುತ್ತೆ."

"ಮತ್ತೆ?"

ಒಲೆಯ ಹತ್ತಿರದಿಂದ ನಮಲ್ವ ಅಂದಳು, "ಪ್ರಾರ್ಥನೆ ಮಾಡೋರೂ ಮೊಣಕಾಲೂರ್ತಾರೆ."

ಮುಸುಂಬ ನಕ್ಕ. ಓಣಿಯೇ ನಕ್ಕಿತು. "ಇವಳ ಮಾತು ಕೇಳಿ. ಪಾದ್ರಿಗಳ ಬೂಟು ನಾನು ನೋಡಿಲ್ವಾ? ಈ ಹೊಳೆ ದಂಡೇಲಿ ತಗಡಿಗೊಬ್ಬ ಪಾದ್ರಿ ಇದ್ದಾನೆ. ಎಲ್ಲಾರ್ದೂ ಚೂಪು ಮೂತಿ, ಮೊಸಳೆ ಚರ್ಮ, ಕನ್ನಡಿ ಹಾಗೆ ಹೊಳೀತಿರುತ್ತೆ. ಮೊಣಕಾಲೂರೋದು ಮುಂದೆ ಕೂತಿರೋ ಜನ ಕಣೇ, ಅವರಲ್ಲ." ಈ ವಾದವನ್ನು ಓಣಿ ಒಪ್ಪಿತು. ನಿಜ ಹೇಳಬೇಕೆಂದರೆ ನಾವೂ.

ಮುಸುಂಬ ಬೂಟನ್ನು ಇನ್ನೊಂದು ಸಲ ತಿರುಗಿಸಿದ. ತಿರುಗಿಸುತ್ತ ಅವನ ಕೈ ನಿಂತಿತು. ಮೊಣಕಾಲೂರುವವನು, ಕೈಗೆ ಕೆಲಸವಿಲ್ಲದವನು, ಇದ್ದು ನೋಡೋಣ ಅಂತ ಬಂದವನು. ಯಾರು ನೆಲಕ್ಕೆ ಮೊಣಕಾಲೂರಿ ಮೂರು ಕಾಲಿನ ಯಂತ್ರದೊಳಗೆ ನೋಡುತ್ತಾನೆ? ಯಾರು ಬಗ್ಗಿ ಗೂಟ ಹೊಡೆಸುತ್ತಾನೆ?

"ಸರ್ವೇಯರ್," ಅಂದ, ಬಹಳ ಮೆಲ್ಲಗೆ.

ನಮಲ್ವ ಬಾಣಲೆಯಿಂದ ತಲೆಯೆತ್ತಿ ಬಾಗಿಲ ಪಕ್ಕದ ಪಾತ್ರೆಗಳನ್ನು ನೋಡಿದಳು.

ಆಮೇಲೆ ಸಾಕ್ಷಿಗೆ ಬರವೇ ಇರಲಿಲ್ಲ. ಹೊಸಬ ಬೆಳಕು ಹರಿಯುವ ಮುಂಚೆ ಎದ್ದು ಓಣಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾನೆ, ತುಟಿ ಅಲ್ಲಾಡಿಸುತ್ತಾನೆ, ಪ್ಯಾಂಟಿನ ಜೇಬಿನಲ್ಲಿ ಬೆರಳು ಒಂದೊಂದಾಗಿ ಏನನ್ನೋ ಸರಿಸುತ್ತದೆ. ಅದು ಜಪಮಣಿ ಅಂತ ನಮಗೆ ಗೊತ್ತು. ಓಣಿಗೆ ಗೊತ್ತಿದ್ದದ್ದು ಇಷ್ಟೇ: ಮನೆ ಎಣಿಸುತ್ತಿದ್ದಾನೆ. ಮುಸುಂಬನ ಮನೆಯ ಮುಂದೆ ಬಂದಾಗ ಬೆರಳು ಒಂದು ಸಲ ಜಾಸ್ತಿ ಸರಿದ ಹಾಗೆ ಮುಸುಂಬನಿಗೆ ಕಂಡಿತು.

ಸರ್ವೇಯರನ್ನು ಹೊಡೆದು ಓಡಿಸಿದರೆ ಪೊಲೀಸರು ಬರುತ್ತಾರೆ. ಉಪಚಾರ ಮಾಡಿದರೆ ಗೆರೆ ಸ್ವಲ್ಪ ಆಚೆ ಸರಿಯಬಹುದು. ಓಣಿ ಉಪಚಾರಕ್ಕೆ ನಿಂತಿತು. ಅಡೋಯೊ ಅವ್ವ ಮೂರು ಹೊತ್ತು ಮೀನು ಹುರಿದು ಕೊಟ್ಟಳು, ಉಗಾಲಿ ಮುದ್ದೆಗೆ ಕೈ ಹಾಕುವ ಮುಂಚೆ ತೊಳೆದುಕೊಳ್ಳಲು ಬಿಸಿನೀರು ಹಿಡಿದು ನಿಂತಳು. ಅವಳ ಹಿಂಬಾಗಿಲ ಪೀಪಾಯಿ ರಾತ್ರೋರಾತ್ರಿ ಪಕ್ಕದ ಓಣಿಗೆ ನೆಂಟರ ಮನೆಗೆ ಹೋಯಿತು. ಮುಸುಂಬ ಬೂಟಿಗೆ ಹೊಸ ಅಟ್ಟೆ ಹಾಕಿ, ಎಷ್ಟೆಂದು ಕೇಳಿದರೆ ಕಿವುಡನಾದ. ಇನ್ನು ಫಾದರ್ ಕಿಸೋಯಿ ಬಂದ ಉದ್ದೇಶವೇನೋ ಅದು, ಆ ಪಾಯಿಖಾನೆಯ ಸಾಲು, ಅವರನ್ನು ಕಂಡದ್ದೇ ಎರಡಾಗಿ ಸೀಳಿಕೊಳ್ಳುತ್ತಿತ್ತು.

"ನಾನು ಹಿಂದೆ ನಿಂತ್ಕೋತೀನಪ್ಪಾ," ಅನ್ನುವರು.

"ಛೆ ಛೆ, ಸಾರ್, ನಮ್ಮದೇನು ಅರ್ಜೆಂಟಿಲ್ಲ," ಅನ್ನುವನು ಮುಸುಂಬ, ಎರಡು ಕಾಲು ಹೆಣೆದುಕೊಂಡು.

ಬಡವರ ಔದಾರ್ಯ ಕಂಡು ಫಾದರ್ ಕಿಸೋಯಿ ಮೊದಮೊದಲು ಕಣ್ಣೀರಿಟ್ಟರು. ಆಮೇಲೆ ಒಂಥರಾ ಗಾಬರಿಯಾದರು. ಸಾಲಿಲ್ಲದ ಹೊತ್ತು ನೋಡಿ ಹೋದರೆ ನಿಲ್ಲಲು ಸಾಲೇ ಇಲ್ಲ. ಸಾಲಿರುವಾಗ ಹೋದರೆ ನಿಲ್ಲಲು ಬಿಡುವುದಿಲ್ಲ.

ಒಂದು ಸಂಜೆ ಅವರು ಮುಸುಂಬನ ಚಪ್ಪಲಿ ಸಾಮಾನಿನ ಪೆಟ್ಟಿಗೆಯ ಪಕ್ಕ ಬಂದು ಕುಳಿತರು. ಮುಸುಂಬನಿಗೆ ಇದೇ ಸಮಯ ಅನ್ನಿಸಿತು. ದಬ್ಬಣ ಕೆಳಗಿಟ್ಟ.

"ಸಾರ್, ಒಂದು ಮಾತು. ಒಬ್ಬ ಇದ್ದಾನೆ ಅಂತಿಟ್ಕೊಳ್ಳಿ. ನಾನಲ್ಲ. ಅವನು ತನ್ನದಲ್ಲದ ಕಡೆಗೆ ಸ್ವಲ್ಪ ಚಾಚಿಕೊಂಡುಬಿಟ್ಟಿದ್ದಾನೆ. ಸ್ವಲ್ಪ, ಒಂದು ಮೊಳ. ಅದು ದೊಡ್ಡ ತಪ್ಪೇ?"

ಬಂದಾಗಿನಿಂದ ಯಾರೊಬ್ಬರೂ ಆತ್ಮದ ವಿಷಯ ಎತ್ತಿರಲಿಲ್ಲ. ಫಾದರ್ ಕಿಸೋಯಿಯ ಮುಖ ಬೆಳಗಿತು. "ತಪ್ಪಿಗೆ ಮೊಳದ ಲೆಕ್ಕ ಇರಲ್ಲ, ಮುಸುಂಬ. ಒಂದು ಮೊಳ ಆದ್ರೂ ಅದೇ, ಒಂದು ಮೈಲಿ ಆದ್ರೂ ಅದೇ."

ಮುಸುಂಬ ತನ್ನ ಮುಂಗೋಡೆಯ ಕಡೆ ನೋಡಿದ. "ಅದನ್ನು ಮೇಲಿನವರು ನೋಡಿರ್ತಾರಾ?"

"ಎಲ್ಲ ನೋಡಿರ್ತಾರೆ."

"ಮತ್ತೆ... ಅವನಿಗೆ ದಾರಿ?"

"ಹಿಂದಕ್ಕೆ ಬರಬೇಕು. ತಾನಾಗೇ ಬರಬೇಕು, ಯಾರೂ ಬಲವಂತ ಮಾಡೋ ಮುಂಚೆ. ಹಾಗೆ ಬಂದೋನ ಮೇಲೆ ಯಾವ ದೂರೂ ಉಳಿಯಲ್ಲ."

ಮರುದಿನ ನಮಲ್ವ ಮಾರುಕಟ್ಟೆಯಿಂದ ಹಿಟ್ಟು ತಂದು ನೋಡುತ್ತಾಳೆ, ಗಂಡ ತಗಡಿನ ಮುಂಗೋಡೆಯನ್ನು ಮೊಳೆ ಕಿತ್ತು ಹಿಂದಕ್ಕೆ ತಂದು ಹೊಡೆದಿದ್ದಾನೆ. ಒಲೆ ಬೀದಿಯಲ್ಲಿದೆ. ಮಂಚ ಮೂಲೆಯಿಂದ ಮೂಲೆಗೆ ಅಡ್ಡವಾಗಿದೆ. ಬಾಗಿಲು ಹಾಕಿದರೆ ಕಾಲು ಹೊರಗೆ, ಕಾಲು ಎಳೆದುಕೊಂಡರೆ ತಲೆ ತಗಡಿಗೆ.

"ಏನಿದು?" ಅಂದಳು.

"ದೂರು ಉಳಿಯಲ್ಲ ಅಂದ್ರು," ಅಂದ ಮುಸುಂಬ, ಗೆದ್ದವನ ಹಾಗೆ.

"ಬುಲ್ಡೋಜರ್ ಬರೋಕೆ ಮುಂಚೆ ನೀನೇ ಬುಲ್ಡೋಜರ್ ಆದೆ," ಅಂದಳು ನಮಲ್ವ. "ಅವರಿಗೆ ಡೀಸೆಲ್ ಉಳೀತು."

ಇತ್ತ ಓಣಿಯ ಯಜಮಾನ ಗಥೋಗೊ ಹೊಟ್ಟೆಯಲ್ಲಿ ಕಿಚ್ಚು ತುಂಬಿಕೊಂಡು ಕುಳಿತಿದ್ದ. ಯಜಮಾನ ಅಂದರೆ ಸರಕಾರಕ್ಕೂ ಓಣಿಗೂ ನಡುವಿನವನು. ಎರಡು ಕಡೆಯಿಂದಲೂ ತಿಂದು ಎರಡು ಕಡೆಗೂ ಏನೂ ಮಾಡದೆ ಇರುವುದು ಆ ಹುದ್ದೆಯ ಜವಾಬ್ದಾರಿ. ಈಗ ಕೋಳಿ, ಮೀನು, ಮಂಡಾಜಿ ಎಲ್ಲ ತನ್ನ ಬಾಗಿಲು ದಾಟಿ ನೇರ ಸರ್ವೇಯರನ ಕೋಣೆಗೆ ಹೋಗುತ್ತಿವೆ. ಅವನು ಪಟ್ಟಣದ ಕಚೇರಿಯ ತನ್ನ ಪರಿಚಯದ ಅಧಿಕಾರಿ ಲೆಕಿಶೋನ್ ಸಾಹೇಬರಿಗೆ ಫೋನು ಮಾಡಿದ.

"ನಿಮ್ಮ ಮನುಷ್ಯನ್ನ ಕಳಿಸಿ ನನಗೊಂದು ಮಾತು ಹೇಳದೇ ಹೋದ್ರಲ್ಲ ಸಾರ್. ಇಷ್ಟು ವರ್ಷದ ವಿಶ್ವಾಸಕ್ಕೆ ಇದೇನಾ?"

"ಯಾವ ಮನುಷ್ಯ? ನಾನ್ಯಾರನ್ನೂ ಕಳಿಸಿಲ್ಲ."

ಲೆಕಿಶೋನ್ ಸಾಹೇಬರ ಕಣ್ಣು ಆ ಹೊಳೆ ದಂಡೆಯ ಮೇಲೆ ಬಹಳ ದಿನದಿಂದ ಇತ್ತು. ತನಗಿಂತ ಮುಂಚೆ ಇನ್ಯಾರೋ ಕೈ ಹಾಕಿದ್ದಾರೆ ಅಂದರೆ ಸುಮ್ಮನಿರಲು ಸಾಧ್ಯವೇ? "ಕೆಂಪು ಬಣ್ಣ ತಗೊಂಡು ಬರ್ತೀನಿ," ಅಂದರು. "ಹಬ್ಬದ ದಿನ ಬೆಳಗ್ಗೆ. ಯಾರಿಗೂ ಹೇಳಬೇಡ."

ಹಬ್ಬ ಅಂದರೆ ಜನವರಿಯ ಮೂರು ರಾಯರ ಹಬ್ಬ, ಹಸುಳೆ ಯೇಸುವನ್ನು ನೋಡಲು ಪೂರ್ವದಿಂದ ಕಾಣಿಕೆ ಹಿಡಿದು ಬಂದ ಮೂವರದ್ದು. ಗುಡ್ಡದ ಮೇಲಿನ ಚರ್ಚಿನವರಿಗೆ ಅಂದು ಒಂದು ಪದ್ಧತಿಯಿದೆ. ಮಂತ್ರಿಸಿದ ಸೀಮೆಸುಣ್ಣದಿಂದ ಪ್ರತಿ ಮನೆಯ ಬಾಗಿಲ ನೆತ್ತಿಯ ಮೇಲೆ ಆ ವರ್ಷದ ಅಂಕಿ, ನಡುವೆ ಮೂರು ರಾಯರ ಹೆಸರಿನ ಮೂರು ಅಕ್ಷರ, ಒಂದೊಂದರ ನಡುವೆ ಒಂದೊಂದು ಶಿಲುಬೆ ಬರೆಯುತ್ತಾರೆ. ವರ್ಷವಿಡೀ ಆ ಮನೆಗೆ ಕೇಡು ತಟ್ಟುವುದಿಲ್ಲ ಅಂತ. ಮಟೋಪೆನಿಯವರದ್ದು ಡೋಲು, ಚಪ್ಪಾಳೆಯ ಚರ್ಚುಗಳು. ಸೀಮೆಸುಣ್ಣದ ಸುದ್ದಿಯೇ ಅವರಿಗಿಲ್ಲ. ಇಷ್ಟು ಉಂಡ ಋಣಕ್ಕೆ ಗುಟ್ಟಾಗಿ ಏನಾದರೂ ಮಾಡಬೇಕೆಂದು ಫಾದರ್ ಕಿಸೋಯಿ ಬೆಳಗಿನ ಜಾವದ ನಡಿಗೆಯಲ್ಲೇ ಒಂದು ಸ್ಟೂಲು ಹಿಡಿದು ಓಣಿಯ ಅಷ್ಟೂ ಬಾಗಿಲಿಗೆ ದುಂಡಗಿನ ಅಕ್ಷರದಲ್ಲಿ ಆಶೀರ್ವಾದ ಬರೆದು, ಕೈಗಂಟಿದ ಸುಣ್ಣ ಒರೆಸಿಕೊಂಡು, ಮಗುವಿನ ಹಾಗೆ ಸಂತೋಷಪಡುತ್ತ ಹೋಗಿ ಮಲಗಿದರು.

ಮೊದಲು ನೋಡಿದವಳು ಅಡೋಯೊ ಅವ್ವ. ಅವಳು ಕಿರುಚಲಿಲ್ಲ. ಕೈಲಿದ್ದ ಮೀನಿನ ತಟ್ಟೆಯನ್ನು ಹಾಗೇ ನೆಲದ ಮೇಲಿಟ್ಟು, "ಮುಸುಂಬ," ಅಂತ ಕರೆದಳು.

ಬಾಗಿಲುಗಳು ಒಂದೊಂದಾಗಿ ತೆರೆದವು. ತೆರೆದವರು ತಿರುಗಿ ಮೇಲೆ ನೋಡಿ ಅಲ್ಲೇ ನಿಂತರು. ಅಡ್ಡಗೆರೆ, ಉದ್ದಗೆರೆ, ಒಂದಲ್ಲ, ಒಂದೊಂದು ಮನೆಗೆ ಸಾಲುಸಾಲು. ಈ ಊರಿನಲ್ಲಿ ಬಡವನ ಬಾಗಿಲ ಮೇಲಿನ ಗೆರೆಗೆ ಎರಡನೇ ಅರ್ಥವಿಲ್ಲ.

"ಆದ್ರೆ ಇದು ಬಿಳಿ," ಅಂದ ಒಬ್ಬ.

ಎಲ್ಲರೂ ಮುಸುಂಬನ ಕಡೆ ತಿರುಗಿದರು. ಅವನು ಗಂಟಲು ಸರಿಮಾಡಿಕೊಳ್ಳಲು ನೋಡಿದ, ಗಂಟಲು ಸಿಗಲಿಲ್ಲ. "ಕೆಂಪು ಅಂದ್ರೆ ಒಂದು ತಿಂಗಳು," ಅಂದ. "ಬಿಳಿ ಅಂದ್ರೆ ಇವತ್ತೇ."

ಇದನ್ನು ಅವನು ಎಲ್ಲಿಂದ ತಂದನೋ ಅವನಿಗೂ ಗೊತ್ತಿಲ್ಲ. ಆದರೆ ಹೇಳಿದ್ದನ್ನು ಎಲ್ಲರಿಗಿಂತ ಮುಂಚೆ ಅವನೇ ನಂಬಿದ. ಬೂಟಿನ ಕೆಸರು ಕೀಳುವ ತಂತಿ ಬ್ರಶ್ಶು ತಂದು, ಪೆಟ್ಟಿಗೆ ಹತ್ತಿ, ತನ್ನ ಬಾಗಿಲ ಗುರುತನ್ನು ತಗಡಿನ ಬಣ್ಣ ಹೋಗುವ ತನಕ ಉಜ್ಜಿದ. ಕೆಳಗೆ ನಮಲ್ವ ಬಟ್ಟೆಯ ನಾಲ್ಕು ಮೂಲೆ ಸೇರಿಸಿ ಪಾತ್ರೆಗಳನ್ನು ಗಂಟು ಹಾಕಿ, ಗಂಟನ್ನು ತಲೆ ಮೇಲಿಟ್ಟುಕೊಂಡು ನಿಂತಳು.

"ಕಕಮೇಗಾ ಬಸ್ಸು ಎಷ್ಟೊತ್ತಿಗೆ?" ಅಂತ ಯಾರನ್ನೋ ಕೇಳಿದಳು. ಗಂಡನನ್ನಲ್ಲ.

ಆ ಪ್ರಶ್ನೆ ಕೇಳಿದ್ದೇ ಮುಸುಂಬ ಬ್ರಶ್ಶು ಹಿಡಿದುಕೊಂಡೇ ಅಡೋಯೊ ಅವ್ವನ ಬಾಡಿಗೆ ಕೋಣೆಗೆ ಓಡಿದ. ಓಣಿ ಅವನ ಹಿಂದೆ ಓಡಿತು. ಫಾದರ್ ಕಿಸೋಯಿ ಕಣ್ಣುಜ್ಜಿಕೊಂಡು ಹೊರಗೆ ಬಂದರು. ಜನ ಕಂಡು ನಾಚಿಕೊಂಡರು.

"ಗೊತ್ತಾಗಿಹೋಯ್ತಾ," ಅಂದರು. "ಹೌದು, ನಾನೇ ಬರೆದದ್ದು. ಎಲ್ಲರ ಬಾಗಿಲಿಗೂ. ಒಬ್ಬರನ್ನೂ ಬಿಟ್ಟಿಲ್ಲ."

"ನನ್ನದಕ್ಕೂ?" ಅಂದಳು ಅಡೋಯೊ ಅವ್ವ. "ಮೂರು ಹೊತ್ತು ನನ್ನ ಮೀನು ತಿಂದ ಕೈಯಲ್ಲಿ?"

"ನಿಮ್ಮದಕ್ಕೇ ಮೊದಲು ಬರೆದೆ ಅಮ್ಮಾ."

"ನಾನು ಗೋಡೆ ಹಿಂದಕ್ಕೆ ತಂದೆನಲ್ಲಯ್ಯಾ," ಅಂದ ಮುಸುಂಬ. ಧ್ವನಿ ಒಡೆದಿತ್ತು. "ತಾನಾಗೇ ಬಂದೋನ ಮೇಲೆ ದೂರು ಇಲ್ಲ ಅಂದವನು ನೀನೇ ತಾನೇ?"

ಯಾವ ಗೋಡೆ ಅಂತ ಫಾದರ್ ಕಿಸೋಯಿಗೆ ತಿಳಿಯಲಿಲ್ಲ. ಸುತ್ತಲಿನ ಮುಖಗಳು ಮಾತ್ರ ತಿಳಿದವು. ಒಬ್ಬನ ಕೈಲಿ ಸೌದೆ ಇತ್ತು. "ನಿಲ್ಲಿ, ನಿಲ್ಲಿ. ಅದು ಆಶೀರ್ವಾದ. ನಾನು ಪಾದ್ರಿ."

ಓಣಿ ನಗಲಾರಂಭಿಸಿತು, ಆ ದುಃಖದಲ್ಲೂ.

"ಪಾದ್ರಿಯಂತೆ. ಎಲ್ಲಿ, ಆ ಬೂಟು ತೋರಿಸಪ್ಪಾ."

"ಎಲ್ಲಿ, ಕೂಗಾಡಿ ದೆವ್ವ ಬಿಡಿಸು."

"ಅದೆಲ್ಲ ಬೇಡ," ಅಂದಳು ಅಡೋಯೊ ಅವ್ವ. "ಕಾಣಿಕೆ ಕೇಳು ನೋಡೋಣ."

"ನನಗೆ ಕಾಣಿಕೆ ಬೇಡಮ್ಮಾ."

"ನೋಡಿದ್ರಾ? ಪಾದ್ರಿ ಅಲ್ಲವೇ ಅಲ್ಲ."

ಸೌದೆ ಮೇಲೇಳುವ ಹೊತ್ತಿಗೆ ಓಣಿಯ ತುದಿಯಲ್ಲಿ ಜೀಪು ನಿಂತಿತು. ಇಳಿದವರು ಲೆಕಿಶೋನ್ ಸಾಹೇಬರು, ಪಕ್ಕದಲ್ಲಿ ಯಜಮಾನ ಗಥೋಗೊ, ಹಿಂದೆ ಕೆಂಪು ಬಣ್ಣದ ಡಬ್ಬಿ ಹಿಡಿದ ಇಬ್ಬರು ಆಳುಗಳು. ಹೆದ್ದಾರಿಯ ಪಕ್ಕದಲ್ಲಿ ಹಳದಿ ಯಂತ್ರದ ಎಂಜಿನ್ನು ಗುಡುಗುಡು ಅನ್ನುತ್ತಿತ್ತು. ಜನ ತಾವಾಗಿಯೇ ದಾರಿ ಬಿಟ್ಟರು. ಆ ಯಂತ್ರಕ್ಕೆ ಬಿಟ್ಟು ಬಿಟ್ಟು ಅಭ್ಯಾಸ.

ಲೆಕಿಶೋನ್ ಸಾಹೇಬರು ಮೊದಲ ಬಾಗಿಲ ಮುಂದೆ ನಿಂತರು. ಎರಡನೆಯದರ ಮುಂದೆ ನಿಂತರು. ಮುಖ ಸಣ್ಣದಾಯಿತು. ಒಂದೇ ಎತ್ತರ, ಒಂದೇ ಅಳತೆ, ಒಂದೇ ದುಂಡು ಅಕ್ಷರ. ಅವರ ಕಚೇರಿಯಲ್ಲಿ ಯಾರೂ ಯಾವತ್ತೂ ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದಿಲ್ಲ.

"ಇದು ಕೆಳಗಿನ ಕಚೇರಿ ಕೈಯಲ್ಲ," ಅಂತ ಗಥೋಗೊನ ಕಿವಿಯಲ್ಲಿ ಅಂದರು. ಲಂಚ ಹಿಡಿಯುವ ಇಲಾಖೆಯವರು ವೇಷ ಹಾಕಿಕೊಂಡು ಓಣಿ ಓಣಿ ತಿರುಗುತ್ತಿದ್ದಾರೆ ಅಂತ ಆ ತಿಂಗಳು ಅವರ ಕಚೇರಿಯಲ್ಲಿ ಗುಸುಗುಸು ಇತ್ತು. ಮಿಕ್ಕ ಅಧಿಕಾರಿಗಳು ಚಳಿಜ್ವರವೆಂದು ರಜೆ ಹಾಕಿದ್ದರು.

"ನೀವು ಯಾವ ಇಲಾಖೆ?" ಅಂತ ಕೇಳಿದರು, ಟೋಪಿ ತೆಗೆಯಬೇಕೋ ಬೇಡವೋ ಅಂತ ತಿಳಿಯದೆ ಅದರ ಅಂಚು ಹಿಡಿದುಕೊಂಡು.

"ಯಾವ ಇಲಾಖೆಯೂ ಅಲ್ಲ. ನಾನು ಪಾದ್ರಿ," ಅಂದರು ಫಾದರ್ ಕಿಸೋಯಿ.

ಲೆಕಿಶೋನ್ 'ಆಹಾ' ಅಂದುಕೊಂಡರು. ಈ ಊರಿನಲ್ಲಿ ಸಣ್ಣ ಮನುಷ್ಯ ತಾನು ದೊಡ್ಡ ಅಧಿಕಾರಿ ಅನ್ನುತ್ತಾನೆ. ಬೂಟು ಸವೆದ ಮನುಷ್ಯ ತಾನು ಏನೂ ಅಲ್ಲ ಅಂದರೆ ಅವನು ಎಷ್ಟು ದೊಡ್ಡವನಿರಬೇಕು. ಟೋಪಿ ತೆಗೆದರು.

"ಆ ಅಂಕಿ ಇರಲಿ ಸಾರ್. ನಡುವೆ ಮೂರು ಅಕ್ಷರ ಇದೆಯಲ್ಲ, ಅದು?"

"ಮೂವರ ಹೆಸರಿನ ಮೊದಲಕ್ಷರ."

"ಯಾವ ಮೂವರು?"

"ಪೂರ್ವದಿಂದ ಬಂದವರು. ದೊಡ್ಡ ಮನುಷ್ಯರು. ಬರುವಾಗ ಕೈಯಲ್ಲಿ ಕಾಣಿಕೆ ಹಿಡಿದೇ ಬಂದ್ರು."

ಲೆಕಿಶೋನ್ ಸಾಹೇಬರ ಹಣೆಯ ಮೇಲೆ ಬೆವರು ಮೂಡಿತು. ಈ ಹೊಳೆ ದಂಡೆಯಲ್ಲಿ ಗೋದಾಮು ಕಟ್ಟಲು ಜಾಗ ಬೇಕೆಂದು ಹೋದ ತಿಂಗಳು ಅವರ ಮನೆಗೆ ಬಂದಿದ್ದ ಗುತ್ತಿಗೆದಾರರೂ ಮೂವರೇ. ಪೂರ್ವದ ಮೊಂಬಾಸಾದಿಂದ ರೈಲು ಹತ್ತಿ ಬಂದವರು.

"ಕಾಣಿಕೆ ಏನು ಅಂತಲೂ... ಗೊತ್ತಾಗಿದೆಯೇ?"

"ಒಬ್ಬ ಚಿನ್ನ ತಂದಿದ್ದ. ಉಳಿದವರು ಸುಗಂಧ."

ಲೆಕಿಶೋನ್ ತಮ್ಮ ಎಡಗೈಯ ಚಿನ್ನದ ಗಡಿಯಾರವನ್ನು ನಿಧಾನವಾಗಿ ತೋಳಿನೊಳಗೆ ಸರಿಸಿದರು. ಸೆಂಟಿನ ಬಾಟಲಿ ಇನ್ನೂ ಅವರ ಹೆಂಡತಿಯ ಕನ್ನಡಿಯ ಮುಂದೆಯೇ ಇತ್ತು.

"ಇದನ್ನ... ಎಲ್ಲರಿಗೂ ಹೇಳೋ ಯೋಚನೆ ಇದೆಯೇ ಸಾರ್?"

ಫಾದರ್ ಕಿಸೋಯಿಗೆ ಆಶ್ಚರ್ಯವಾಯಿತು. "ಪ್ರತಿ ವರ್ಷ ಹೇಳ್ತೀವಿ. ಇದು ಪ್ರಪಂಚಕ್ಕೆಲ್ಲ ಗೊತ್ತಿರೋ ವಿಷಯ."

"ಡಬ್ಬಿ ಮುಚ್ಚಿ," ಅಂದರು ಲೆಕಿಶೋನ್ ಆಳುಗಳಿಗೆ. "ಈ ಗುರುತು ಇರೋ ಮನೆ ಒಂದನ್ನೂ ಮುಟ್ಟಬಾರದು."

ಓಣಿ ಮುಖ ಮುಖ ನೋಡಿಕೊಂಡಿತು. ಈಗಷ್ಟೇ ಸೌದೆ ಹಿಡಿದಿದ್ದವನು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟ. ಆದರೆ ಗಥೋಗೊಗೆ ಇದು ಹಿಡಿಸಲಿಲ್ಲ. ಜೀಪು ತರಿಸಿ, ಯಂತ್ರ ತರಿಸಿ, ಒಂದು ತಗಡೂ ಬೀಳದೆ ಹೋದರೆ ನಾಳೆಯಿಂದ ಇವರು ತನಗೆ ಹೆದರುತ್ತಾರೆಯೇ?

"ಸಾರ್," ಅಂದ. "ಅಲ್ಲೊಂದು ಮನೆಗೆ ಗುರುತಿಲ್ಲ."

ಎಲ್ಲರೂ ತಿರುಗಿದರು. ಸಾಲಿನಲ್ಲಿ ಒಂದೇ ಒಂದು ಬಾಗಿಲ ನೆತ್ತಿ, ಕಂಚಿನ ಪಾತ್ರೆಯ ಹಾಗೆ ಉಜ್ಜಿಸಿಕೊಂಡು, ಬೆಳಗಿನ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅದರ ಒಡೆಯ ತಂತಿ ಬ್ರಶ್ಶು ಹಿಡಿದು ನಿಂತಿದ್ದ.

"ಗುರುತಿಲ್ಲದ್ದು ನಮ್ಮದು," ಅಂದರು ಲೆಕಿಶೋನ್. ಬರಿಗೈಯಲ್ಲಿ ಹೋಗಲು ಅವರಿಗೂ ಮನಸ್ಸಿರಲಿಲ್ಲ. "ಅದಕ್ಕೆ ಹಾಕಿ ಕೆಂಪು."

ಆಳು ಡಬ್ಬಿಯ ಮುಚ್ಚಳ ತೆಗೆದು ಬ್ರಶ್ಶು ಅದ್ದಿದ. ನಮಲ್ವ ತಲೆಯ ಗಂಟನ್ನು ಒಮ್ಮೆ ಸರಿಮಾಡಿಕೊಂಡು ಹೆದ್ದಾರಿಯ ಕಡೆ ತಿರುಗಿದಳು.

ಮುಸುಂಬ ಬ್ರಶ್ಶು ಬಿಸಾಡಿದ. ಕೆಸರಿನಲ್ಲಿ ಮೊಣಕಾಲೂರಿ, ಟೈರಿನ ಚಪ್ಪಲಿಯ ಮೂತಿ ನೆಲಕ್ಕೆ ಉಜ್ಜುತ್ತ, ಓಣಿಯ ಅಗಲಕ್ಕೂ ತೆವಳಿ ಫಾದರ್ ಕಿಸೋಯಿಯ ಪ್ಯಾಂಟು ಹಿಡಿದುಕೊಂಡ.

"ಸಾರ್. ಫಾದರ್. ನೀವು ಏನಾದ್ರೂ ಆಗಿರಿ, ನನಗೆ ಬೇಡ. ಬರೀರಿ."

"ಅದನ್ನು ನೀನೇ ಅಳಿಸಿದೆಯಲ್ಲ ಮುಸುಂಬ."

"ನನ್ನ ವಿದ್ಯೆಗೆ ಬೆಂಕಿ ಬೀಳಲಿ. ಬರೀರಿ, ಅವಳು ಹೋಗ್ತಿದ್ದಾಳೆ."

ಫಾದರ್ ಕಿಸೋಯಿ ಅವನನ್ನು ನೋಡಿದರು, ಬ್ರಶ್ಶಿನಿಂದ ತೊಟ್ಟಿಕ್ಕುವ ಕೆಂಪನ್ನು ನೋಡಿದರು, ತಲೆ ಮೇಲೆ ಸಂಸಾರ ಹೊತ್ತು ಹೋಗುತ್ತಿದ್ದ ಹೆಂಗಸಿನ ಬೆನ್ನು ನೋಡಿದರು. ಆ ಓಣಿಯಲ್ಲಿ ಸುಣ್ಣದ ಒಂದು ಗೆರೆಗೆ ಏನು ಅರ್ಥ ಅನ್ನುವುದು ಅವರಿಗೆ ಆಗ ಹೊಳೆಯಿತು. ಅವರು ಓಡಿದರು. ಚಪ್ಪಲಿ ಪೆಟ್ಟಿಗೆ ಹತ್ತಿದರು, ಜೇಬಿನಿಂದ ಜಪಮಣಿಯ ಜೊತೆ ಸುಣ್ಣದ ಚೂರು ಹೊರಬಂತು. ಪೆಟ್ಟಿಗೆಯ ಒಂದು ಕಾಲು ಗಿಡ್ಡ. ಅದು ಅಲ್ಲಾಡಿ ಗೆರೆ ಸೊಟ್ಟಗಾಯಿತು. ಆಳು ಬ್ರಶ್ಶು ಎತ್ತಿದವನು ಸಾಹೇಬರ ಕಡೆ ನೋಡಿದ. ಸಾಹೇಬರು ಆಕಾಶದ ಕಡೆ ನೋಡಿದರು.

ಆ ಹೊತ್ತಿಗೆ ಪಾತ್ರೆಯ ಗಂಟು ದಡ್ಡೆಂದು ನೆಲಕ್ಕಿಳಿದ ಸದ್ದಾಯಿತು. ನಮಲ್ವ ಬಂದು ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಒತ್ತಿ ಹಿಡಿದಳು.

"ನಿಧಾನಕ್ಕೆ ಬರೀರಿ ಫಾದರ್," ಅಂದಳು. "ನಾನು ಹಿಡ್ಕೊಂಡಿದ್ದೀನಿ."

ಅಂಕಿ, ಅಕ್ಷರ, ಶಿಲುಬೆ, ಎಲ್ಲ ಮುಗಿಯುವ ತನಕ ಹೆದ್ದಾರಿಯ ಯಂತ್ರ ಗುಡುಗುಡು ಅನ್ನುತ್ತಲೇ ಇತ್ತು. ಆಮೇಲೆ ಲೆಕಿಶೋನ್ ಸಾಹೇಬರು, "ಸಾಕು, ನೋಡಿದ್ವಿ," ಅಂದು ಜೀಪು ಹತ್ತಿದರು. ಗಥೋಗೊನನ್ನು ಹತ್ತಿಸಿಕೊಳ್ಳಲಿಲ್ಲ.

ಭಾನುವಾರ ಫಾದರ್ ಕಿಸೋಯಿ ಗುಡ್ಡದಿಂದ ನಿಲುವಂಗಿ ತರಿಸಿ, ನೀಲಿ ತಾಡಪಾಲಿನ ಕೆಳಗೆ ಪೂಜೆ ಮಾಡಿದರು. ಇನ್ನು ಯಾರನ್ನೂ ಮೋಸದಲ್ಲಿ ಇಡಬಾರದೆಂದು. ಇಡೀ ಓಣಿ ಬಂತು, ಹೇಳಿದಾಗೆಲ್ಲ ಎಲ್ಲರೂ ಮೊಣಕಾಲೂರಿದರು. "ಎಷ್ಟು ಚೆನ್ನಾಗಿ ವೇಷ ಕಟ್ಟಿದ್ದಾರೆ ನೋಡು," ಅಂತ ಅಡೋಯೊ ಅವ್ವ ಪಕ್ಕದವಳ ಕಿವಿಯಲ್ಲಿ ಅಂದಳು. "ಇಂಥ ಇಲಾಖೆ ಇದ್ರೆ ದೇಶ ಉದ್ಧಾರ ಆಗುತ್ತೆ."

ಸೋಮವಾರ ಬೆಳಗ್ಗೆ ಪಾಯಿಖಾನೆಯ ಸಾಲು ಅವರನ್ನು ಕಂಡು ಎಂದಿನಂತೆ ಸೀಳಿಕೊಂಡಿತು. ನಮಲ್ವ ಒಬ್ಬಳು ಜಾಗ ಬಿಡಲಿಲ್ಲ.

"ಹಿಂದೆ ಹೋಗಿ ನಿಂತ್ಕೊಳ್ಳಿ ಫಾದರ್. ನಮಗೂ ಅರ್ಜೆಂಟಿದೆ."

ಫಾದರ್ ಕಿಸೋಯಿ ಹಿಂದೆ ಹೋಗಿ ನಿಂತರು. ಅಷ್ಟು ಸಂತೋಷವನ್ನು ಆ ಸಾಲಿನಲ್ಲಿ ಯಾರ ಮುಖದಲ್ಲೂ ಯಾರೂ ನೋಡಿರಲಿಲ್ಲ, ಎಲ್ಲರಿಗಿಂತ ಮುಂದೆ ಇದ್ದವರ ಮುಖದಲ್ಲೂ.

ಮುಸುಂಬ ಸಾಲಿನಲ್ಲಿರಲಿಲ್ಲ. ಅವನು ಬೆಳಗ್ಗೆಯಿಂದ ಮೊಣಕಾಲೂರಿ, ದಾರ ಹಿಡಿದು, ಗೂಟ ಹೊಡೆದು, ಮುಂಗೋಡೆಯನ್ನು ದಾರಿಯ ಕಡೆಗೆ ಎರಡು ಮೊಳ ಚಾಚುತ್ತಿದ್ದ. ಸುಸ್ತಾಗಿ ಪೆಟ್ಟಿಗೆಯ ಮೇಲೆ ಕುಳಿತಾಗ ನಮಲ್ವ ಒಂದು ಜೊತೆ ಟೈರಿನ ಚಪ್ಪಲಿ ತಂದು ಅವನ ತೊಡೆಯ ಮೇಲಿಟ್ಟಳು. ಹಿಮ್ಮಡಿ ಗಟ್ಟಿಯಾಗಿದೆ, ಮೂತಿ ಮಾತ್ರ ದಾರ ಕಾಣುವಷ್ಟು ಸವೆದಿದೆ.

"ಇದರ ಒಡೆಯ ಏನು ಕೆಲಸ ಮಾಡ್ತಾನೆ, ಹೇಳು ನೋಡೋಣ."

ಮುಸುಂಬನ ಕಣ್ಣು ಮಿಂಚಿತು. ತಿರುಗಿಸಿದ, ಮೂಗು ಹತ್ತಿರ ತಂದ, ಗಂಟಲು ಸರಿಮಾಡಿಕೊಂಡ.

"ಸರ್ವೇಯರ್," ಅಂದ. "ಸಂಶಯವೇ ಇಲ್ಲ. ಇನ್ನೊಬ್ಬ ಬಂದ್ನಾ?"

ನಮಲ್ವ ಅವನ ಬರಿಗಾಲಿನ ಕಡೆ ನೋಡಿದಳು. ಒಳಗೆ ಹೋಗಿ, ಬಾಗಿಲ ಪಕ್ಕದ ಬಟ್ಟೆ ಬಿಚ್ಚಿ, ಪಾತ್ರೆಗಳನ್ನು ಒಂದೊಂದಾಗಿ ಗೂಟಕ್ಕೆ ನೇತುಹಾಕಿದಳು.